ಆಚಾರಿಗೆ ಹಾಕಿದ ತೆರಿಗೆ

ತೊಂಬತ್ತರ ದಶಕದಲ್ಲಿ ಫೆಬ್ರವರಿ ಕೊನೆಗೆ ಬಜೆಟ್ಟು ಬಂದು ಸಿಗರೇಟಿನ ಬೆಲೆ ಏರಿತೆಂದರೆ, ಪಾಂಡವಪುರದ ಬಸ್ ನಿಲ್ದಾಣದೆದುರಿನ ನನ್ನ ಪೆಟ್ಟಿ ಅಂಗಡಿ ಮುಂದೆ ಏನಾದರೊಂದು ತಮಾಷೆ ನಡೆದೇ ನಡೆಯುತ್ತಿತ್ತು. ಎಲ್ಲದರಲ್ಲೂ ನನ್ನ ಗೆಳೆಯ ಆಚಾರಿ ಇರಲೇಬೇಕು. ಮರಗೆಲಸದವನು, ಒಂದನೇ ಕ್ಲಾಸಿನಿಂದ ನನ್ನ ಜೊತೆಗಾರ. ದಿನಾ ಹನ್ನೊಂದು ಗಂಟೆ ಆಯಿತೆಂದರೆ ಮುಂದೆ ಅವನ ಕೆಮ್ಮು ಬರುತ್ತಿತ್ತು, ಹಿಂದೆ ಅವನು. ಈಗ ರಸ್ತೆ ಅಗಲವಾಗಿ ಅಂಗಡಿ ಹೋಗಿದೆ, ಅವನು ಕೆಲಸ ಹುಡುಕಿಕೊಂಡು ಮೈಸೂರು ಸೇರಿದ್ದಾನೆ. ಹನ್ನೊಂದು ಗಂಟೆ ಮಾತ್ರ ದಿನಾ ಆಗುತ್ತದೆ.

ಹಳೇ ರೇಟು

ಬಜೆಟ್ಟಿನ ಸಾಯಂಕಾಲ ನನ್ನ ರೇಡಿಯೊ ಸುತ್ತ ಜನ ಸೇರಿದ್ದರು. ಸಿಗರೇಟಿನ ಮೇಲೆ ತೆರಿಗೆ ಏರಿದೆ ಎಂದದ್ದೇ ತಡ, ಆಚಾರಿ ಸೇದುತ್ತಿದ್ದ ಸಿಗರೇಟನ್ನು ನೆಲಕ್ಕೆ ಎಸೆದ.

"ಇದೇ ಕೊನೆ ಕಣ್ಲಾ ಗೌಡ! ಸರ್ಕಾರಕ್ಕೆ ಇನ್ನೊಂದು ಪೈಸಾ ಕೊಡಾಕಿಲ್ಲ."

ಎಲ್ಲರೂ ಭಲೇ ಎಂದರು. ಮರುಕ್ಷಣವೇ ಬಗ್ಗಿ ಅದನ್ನೇ ಎತ್ತಿಕೊಂಡ.

"ಯಾಕ್ಲಾ?"

"ಇದು ಹಳೇ ರೇಟಿಂದು. ಹಾಳ್ ಮಾಡಬಾರ್ದು."

ಒಂದು ನೂಲು

ಮಾರನೇ ವಾರ ಒಂದು ಸಿಗರೇಟನ್ನು ಎರಡು ಸಲ ಸೇದುವ ಉಪಾಯ ಹೂಡಿದ. ಅವನ ಒಂದು ಕಿವಿಯ ಮೇಲೆ ಪೆನ್ಸಿಲ್ಲು, ಇನ್ನೊಂದರ ಮೇಲೆ ಸಿಗರೇಟು. ಅಳತೆಪಟ್ಟಿ ಇಟ್ಟು ಸಿಗರೇಟಿನ ನಟ್ಟನಡುವೆ ಗೆರೆ ಎಳೆದ. ಗೆರೆವರೆಗೆ ಬೆಳಿಗ್ಗೆ, ಉಳಿದದ್ದು ಮಧ್ಯಾಹ್ನ.

ಬೆಂಕಿ ಗೆರೆ ದಾಟಿತು. "ಲೇ, ದಾಟೋಯ್ತು" ಎಂದೆ.

"ಮರ ಕುಯ್ಯೋವಾಗ ಗರಗಸದ ಬಾಯಿಗೆ ಅಂತ ಒಂದು ನೂಲು ಬುಡಬೇಕು ಕಣ್ಲಾ."

ಮರಗೆಲಸದವರಿಗೆ ನೂಲು ಎಂದರೆ ಅಂಗುಲದಲ್ಲಿ ಎಂಟನೇ ಒಂದು ಪಾಲು. ಒಂದೊಂದೇ ನೂಲು ಬಿಡುತ್ತ ಫಿಲ್ಟರಿನ ಹತ್ತಿಯವರೆಗೂ ಸೇದಿದ.

"ಮಧ್ಯಾಹ್ನಕ್ಕೆ?"

"ಇನ್ನೊಂದು ಕೊಡು. ಇದರ ಅಳತೆ ತಪ್ಪೋಯ್ತು."

ನಾಗಮಂಗಲದ ಸುದ್ದಿ

ಆಚಾರಿಯ ಕೆಮ್ಮು ಜೋರಾಯಿತು. ಹೀಗೇ ಸೇದಿದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರಂತೆ. ಅವನ ಹೆಂಡತಿ ಅಂಗಡಿಗೆ ಬಂದು ಕಣ್ಣೊರೆಸಿಕೊಂಡಳು.

"ಅಣ್ಣಾ, ನೀವಾದ್ರೂ ಕೊಡಬ್ಯಾಡಿ."

"ನಾನು ಕೊಡ್ದಿದ್ರೆ ಪಕ್ಕದ ಅಂಗಡಿಗೆ ಓಯ್ತಾನೆ ಕಣವ್ವ."

ಹೇಳಿದೆನಾದರೂ ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ. ಅವನಿಲ್ಲದ ಅಂಗಡಿಯನ್ನು ನೆನೆದೇ ಹೆದರಿದ್ದೆ. ಆ ವರ್ಷದ ಬಜೆಟ್ಟಿನಲ್ಲಿ ಸರ್ಕಾರ ಏರಿಸಿದ್ದರ ಎರಡರಷ್ಟನ್ನು ಅವನೊಬ್ಬನಿಗೆ ನಾನು ಏರಿಸಿದೆ. ಹೆಚ್ಚಿಗೆ ಬಂದದ್ದು ಗುಟ್ಟಾಗಿ ಅವನ ಹೆಂಡತಿಗೇ ವಾಪಸು. ಬೈಯುತ್ತ ಬೈಯುತ್ತ ದಿನಕ್ಕೆ ಹತ್ತು ಸೇದುತ್ತಿದ್ದವನು ನಾಲ್ಕಕ್ಕೆ ಇಳಿದ.

ಅಷ್ಟರಲ್ಲಿ ಬಾಗಿಲು ಕೂರಿಸುವ ಕೆಲಸಕ್ಕೆ ನಾಗಮಂಗಲಕ್ಕೆ ಹೋದ. ನನ್ನ ಹತ್ತಿರವೇ ಕೊಳ್ಳುತ್ತಿದ್ದವನಿಗೆ ಅಲ್ಲಿ ನಿಜವಾದ ಬೆಲೆ ಗೊತ್ತಾಗುತ್ತದಲ್ಲ ಎಂದು ಬಂದ ಬಸ್ಸನ್ನೆಲ್ಲ ಇಣುಕಿ ನೋಡುತ್ತಿದ್ದೆ. ಸಾಯಂಕಾಲ ಬಸ್ಸಿಳಿದವನೇ ದೂರದಿಂದಲೇ ಕೂಗಿದ:

"ಲೇ ಗೌಡ! ನಾಗಮಂಗಲಕ್ಕೆ ಇನ್ನೂವೆ ಬಜೆಟ್ಟು ಬಂದಿಲ್ಲ ಕಣ್ಲಾ!"

ಸ್ಟೂಲು

ಮುಂದಿನ ಬಜೆಟ್ಟಿಗೂ ಎರಡರಷ್ಟು ಏರಿಸಿದೆ. ಆಚಾರಿ ಸಿಗರೇಟು ಬಿಟ್ಟ. ಜೊತೆಗೆ ನನ್ನ ಅಂಗಡಿಯನ್ನೂ ಬಿಟ್ಟ. ಕೆಮ್ಮು ನಿಂತಿತೆಂದು ಅವನ ಹೆಂಡತಿ ಬಂದು ಕೈ ಮುಗಿದಳು. ಸಂತೋಷವೇ ಆಯಿತು. ಆದರೆ ಹನ್ನೊಂದಾದರೆ ರಸ್ತೆ ನೋಡುತ್ತ ಕೂರುತ್ತಿದ್ದೆ. ಬೇರೆ ಯಾರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ.

ಎರಡು ತಿಂಗಳು ತಡೆದು ಅವನು ಮರಗೆಲಸ ಮಾಡುವ ಕೊಟ್ಟಿಗೆಗೇ ಹೋಗಿ ನನ್ನ ಮೋಸ ಒಪ್ಪಿಕೊಂಡೆ. ಅವನು ಉಳಿ ಕೆಳಗಿಡದೆ ನಕ್ಕ.

"ಗೊತ್ತಿತ್ತು ಕಣ್ಲಾ. ನಿನ್ನ ಮಕ ನೋಡಾಕೆ ಅಂತ್ಲೇ ನಾಗಮಂಗಲದ ಮಾತು ಯೋಳಿದ್ದು."

"ಮತ್ತೆ ಪಕ್ಕದ ಅಂಗಡಿಲಿ ತಕೊಬೋದಿತ್ತಲ್ಲ?"

"ಅಲ್ಲಿ ಕಮ್ಮಿ. ಆದ್ರೆ ಅಲ್ಲಿ ನೀನಿರ್ತಿದ್ಯಾ?"

"ಈಗ್ಯಾಕ್ಲಾ ಬರಾಕಿಲ್ಲ?"

"ಬಂದ್ರೆ ಬಾಯಿ ಕೇಳ್ತದೆ ಕಣ್ಲಾ."

ಮರುದಿನ ಹನ್ನೊಂದಕ್ಕೆ ರಸ್ತೆಯಾಚೆ, ಹೊಗೆ ವಾಸನೆ ಬಾರದ ದೂರ ಅಳೆದು, ಸ್ಟೂಲು ಹಾಕಿ ಕೂತ. ಅಲ್ಲಿಂದ ಅವನು ಕೂಗುವುದು, ಇಲ್ಲಿಂದ ನಾನು. ನಡುವೆ ಬಸ್ಸು ನಿಂತರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು, ಅದು ಹೊರಡುವವರೆಗೆ ನನಗೆ ಜೀವ ತಡೆಯುತ್ತಿರಲಿಲ್ಲ. ದಿನಾ ಸ್ಟೂಲು ಚೂರುಚೂರೇ ಈಚೆಗೆ ಬಂತು. ಕೇಳಿದರೆ, "ಒಂದು ನೂಲು ಅಷ್ಟೇ" ಎನ್ನುತ್ತಿದ್ದ. ಅವನು ಬರುತ್ತಿದ್ದದ್ದು ನನ್ನ ಹತ್ತಿರಕ್ಕೋ ಸಿಗರೇಟಿನ ಹತ್ತಿರಕ್ಕೋ, ಅವನಿಗೂ ಗೊತ್ತಿರಲಿಲ್ಲ.

ಸ್ಟೂಲು ನಡುರಸ್ತೆಗೆ ಬಂದು ಬಸ್ಸಿನವನು ಹಾರನ್ನು ಬಾರಿಸಿದ ದಿನ ನಾನು ಮನಸ್ಸು ಗಟ್ಟಿ ಮಾಡಿದೆ. ಅರ್ಧ ವ್ಯಾಪಾರ ಹೋದರೆ ಹೋಗಲಿ ಎಂದು ಬೀಡಿ, ಸಿಗರೇಟು ಎಲ್ಲ ತೆಗೆದು, ಆ ಜಾಗದಲ್ಲಿ ಕಡ್ಲೆ ಮಿಠಾಯಿಯ ಡಬ್ಬ ಇಟ್ಟು, ಅವನನ್ನು ಕೈಬೀಸಿ ಕರೆದೆ.

ಆಚಾರಿ ಸ್ಟೂಲು ಎತ್ತಿಕೊಂಡು ಬಂದ. ಸಿಗರೇಟಿದ್ದ ಹಲಗೆಯನ್ನೊಮ್ಮೆ ನೋಡಿದ. ನನ್ನ ಪಕ್ಕದಲ್ಲೇ ಸ್ಟೂಲು ಹಾಕಿ ಕೂತು, ಒಂದು ಮಿಠಾಯಿ ಎತ್ತಿಕೊಂಡು ಬೆಲೆ ಕೇಳಿದ. ಹೇಳಿದೆ.

ಅವನು ಮಿಠಾಯಿಯನ್ನು ಬಾಯಿಗೆ ಹಾಕಿಕೊಳ್ಳದೆ ನನ್ನ ಮುಖವನ್ನೇ ನೋಡಿದ.

"ನಾಗಮಂಗಲದಲ್ಲಿ ಎಷ್ಟ್ಲಾ?"