ಎಡಗಡೆಯ ಪುಟದ ಕೆಳಗೆ ಓದಿದ್ದು

ಈಗ ಹೇಳಲು ಹೊರಟಿರುವುದು ನಡೆದದ್ದು ಹೌದು. ಆದರೆ ಹೀಗೇ ನಡೆಯಿತೆಂದು ಪ್ರಮಾಣ ಮಾಡು ಎಂದರೆ ನಾನು ಹಿಂದೆ ಸರಿಯುತ್ತೇನೆ. ಆ ದಿನ ಗ್ರಂಥಾಲಯದಲ್ಲಿ ಊಟಕ್ಕೆ ಎಣ್ಣೆಗಾಯಿ ಇತ್ತೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅದೇ ಸಂಜೆ ಮನೆಗೆ ಬಂದವನು ‘ಹೆಸರುಕಾಳಿನ ಪಲ್ಯ ಬಾಳ ಚಲೋ ಇತ್ತು’ ಎಂದು ಹೊಗಳಿದ್ದು ಕೂಡ ನಾನೇ ಎಂದು ನನ್ನ ಹೆಂಡತಿ ವಿಜಯಾ ಹೇಳುತ್ತಾಳೆ. ಇಬ್ಬರಲ್ಲಿ ಒಬ್ಬರ ತಲೆ ಸುಳ್ಳು ಹೇಳುತ್ತಿದೆ, ಮತ್ತು ಅದು ಅವಳದಾಗಿರುವ ಸಂಭವ ಕಡಿಮೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತು ಉಳಿಸಿಕೊಂಡ ಗುಣವೆಂದರೆ ಸಂಶಯ. ಹುರುಪಿನ ದಿನಗಳಲ್ಲಿ ಅದನ್ನು ಜ್ಯೋತಿಷಿಗಳ ಮೇಲೆ, ಪತ್ರಿಕೆಗಳ ಮೇಲೆ, ಬೀಗರ ಮಾತಿನ ಮೇಲೆ ಪ್ರಯೋಗಿಸುತ್ತಿದ್ದೆ. ಐವತ್ತು ಸಮೀಪಿಸಿದಂತೆ ಅದಕ್ಕೆ ಬೇರೆ ಬೇಟೆ ಸಿಗದೆ ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮರಳಿ ಬಂದು ನೋಡುತ್ತೇನೆ. ಹಾಕಿರುತ್ತೇನೆ. ಆ ಸಮಾಧಾನದಲ್ಲಿ ಬೀಗ ತೆಗೆದು, ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಬೀಗ ಹಾಕದೆ ಹೋಗುತ್ತೇನೆ.

ನನ್ನ ಮನೆ ಬೆಟಗೇರಿಯಲ್ಲಿ, ಕೆಲಸ ಲಕ್ಷ್ಮೇಶ್ವರದ ಒಂದು ಕಾಲೇಜಿನಲ್ಲಿ, ಕಲಿಸುವುದು ಸಸ್ಯಶಾಸ್ತ್ರ. ಇಷ್ಟಕ್ಕೇ ಸುಮ್ಮನಿರದೆ ಕೆಲವು ವರ್ಷಗಳ ಹಿಂದೆ ಡಾಕ್ಟರೇಟ್ ಮಾಡುವ ಆಸೆ ಹುಟ್ಟಿತು. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಸಣ್ಣ ಗಿಡಗಳ ಬಗ್ಗೆ ಹೆಸರು ನೋಂದಾಯಿಸಿದೆ. ಅದರಲ್ಲಿ ಮುಖ್ಯವಾದದ್ದು ಒಂದು ಗಿಡ. ಅದರ ಲ್ಯಾಟಿನ್ ಹೆಸರು ಹೇಳಿ ನಿಮ್ಮ ಚಹಾ ಆರಿಸುವುದಿಲ್ಲ. ಗೇಣುದ್ದ ಇರುತ್ತದೆ, ಮಳೆ ಬಿದ್ದ ಮೇಲೆ ನೇರಳೆ ಬಣ್ಣದ ಹೂ ಬಿಡುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಗುಡ್ಡದ ಬುಡದ ಡೋಣಿ ಊರಿನ ಕಡೆಯ ಇಳಿಜಾರಿನಲ್ಲಿ ನಾನು ಇದನ್ನು ಅಲ್ಲೊಂದು ಇಲ್ಲೊಂದು ಕಂಡಿದ್ದೆ. ಅದರ ಆಧಾರದ ಮೇಲೆ ನನ್ನ ಮೂರನೆಯ ಅಧ್ಯಾಯ ನಿಂತಿತ್ತು: ಹಿಂದೆ ಇದು ಆ ಇಳಿಜಾರಿನಲ್ಲಿ ಹೇರಳವಾಗಿತ್ತು, ಈಗ ಅಳಿಯುತ್ತಿದೆ. ಬರೆಯುವಾಗ ನನಗೇ ಕಣ್ಣು ತುಂಬಿ ಬಂದಿತ್ತು.

ನನ್ನ ಮಾರ್ಗದರ್ಶಕರಿಗೆ ತುಂಬಲಿಲ್ಲ. ಅವರು ವಯಸ್ಸಿನಲ್ಲಿ ನನಗಿಂತ ಸಣ್ಣವರು. ಅವರು ನನಗೆ ಸರ್ ಎನ್ನುತ್ತಾರೆ, ನಾನು ಅವರಿಗೆ ಸರ್ ಎನ್ನುತ್ತೇನೆ; ಮೂರನೆಯವರು ಬಂದರೆ ಯಾರು ಯಾರ ವಿದ್ಯಾರ್ಥಿ ಎಂದು ತಿಳಿಯದೆ ಇಬ್ಬರಿಗೂ ನಮಸ್ಕಾರ ಮಾಡಿ ಹೋಗುತ್ತಾರೆ. ಅವರು ನನ್ನ ಹಸ್ತಪ್ರತಿ ಮಡಚಿಟ್ಟು ಹೇಳಿದರು: “ಸರ್, ‘ಹಿಂದ ಹೇರಳವಾಗಿತ್ತು’ ಅಂತ ಬರದೀರಿ. ಯಾರ ಹೇಳ್ಯಾರ? ಆಧಾರ ಕೊಡ್ರಿ. ಇಲ್ಲಾಂದ್ರ ಮೂರನೇ ಅಧ್ಯಾಯ ಪೂರಾ ತಗೀಬೇಕಾಗತೈತಿ. ಅದನ್ನ ತಗದ್ರ ಉಳಿಯೂದು ಮುನ್ನುಡಿ ಮತ್ತ ಕೃತಜ್ಞತಾ, ಅಷ್ಟ.” ಪ್ರಬಂಧ ಸಲ್ಲಿಸಲು ಸಿಕ್ಕಿದ್ದ ಗಡುವು ಅದೇ ಕೊನೆಯದು. ಇನ್ನೊಮ್ಮೆ ಕೇಳಿದರೆ ಕೊಡುವುದಿಲ್ಲವೆಂದು ಕಚೇರಿಯವರು ಮೊದಲೇ ನಗುನಗುತ್ತಾ ತಿಳಿಸಿದ್ದರು.

ಆಧಾರ ಇತ್ತು. ನಾನು ಎಂ.ಎಸ್ಸಿ. ಓದುವಾಗ ಒಂದು ಸಂಶೋಧನಾ ಲೇಖನದಲ್ಲಿ ಅದನ್ನು ಓದಿದ್ದೆ. ಎಡಗಡೆಯ ಪುಟದ ಕೆಳಗೆ ಇತ್ತು. ಮೇಲೊಂದು ಕೋಷ್ಟಕ, ಅಂಚಿನಲ್ಲಿ ಯಾರೋ ಚೆಲ್ಲಿದ ಚಹಾದ ಕಲೆ. ಲೇಖಕರ ಹೆಸರು, ಪತ್ರಿಕೆಯ ಹೆಸರು, ವರ್ಷ ಮಾತ್ರ ಮರೆತಿತ್ತು. ರಜೆಯ ದಿನಗಳನ್ನೆಲ್ಲ ಕಂಪ್ಯೂಟರಿನ ಮುಂದೆ ಕಳೆದೆ. ಮುಳಗುಂದ ದಾಟುವ ಬಸ್ಸಿನಲ್ಲಿ ಫೋನಿನಲ್ಲೂ ಹುಡುಕಿದೆ. ಆ ಗಿಡದ ಹೆಸರು ಹಾಕಿ, ಗದಗ ಎಂದು ಹಾಕಿ ಒತ್ತಿದರೆ, ಆ ಗಿಡದ ಕಷಾಯ ಕುಡಿದು ತೂಕ ಇಳಿಸಿಕೊಳ್ಳಿ ಎಂಬ ಸಲಹೆ ಬರುತ್ತಿತ್ತು. ಆ ಹೊತ್ತಿಗೇ ಫೋನಿಗೊಂದು ಸಂದೇಶ ಬಂತು: ವಿಜ್ಞಾನ ಸಂಶೋಧಕರಿಗಾಗಿ ಮಾಹಿತಿ ಹುಡುಕುವ ತರಬೇತಿ, ಸ್ಥಳ ವಿಶ್ವವಿದ್ಯಾಲಯದ ಗ್ರಂಥಾಲಯ, ಊಟದ ವ್ಯವಸ್ಥೆ ಇದೆ. ಹುಡುಕುವುದನ್ನು ಕಲಿಸುತ್ತಾರಂತೆ, ನಾಳೆ ಉಸಿರಾಡುವುದನ್ನೂ ಕಲಿಸಬಹುದು ಎಂದು ನಾನು ವ್ಯಂಗ್ಯ ಮಾಡಿದೆ. ವಿಜಯಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಅಂದಳು: “ಹೋಗಿ ಬರ್ರಿ. ನಿಮಗ ಹುಡುಕೂದ ಯಾರರ ಕಲಿಸಿದ್ರ ಮೊದಲ ನನಗ ಉಪಕಾರ ಆಗತೈತಿ. ನಿನ್ನಿ ಜೀರಗಿ ಡಬ್ಬಿ ಕೈಯಾಗ ಹಿಡಕೊಂಡ ಜೀರಗಿ ಎಲ್ಲೈತಿ ಅಂತ ಕೇಳಿದ್ರಿ.” ಈ ಘಟನೆ ನನಗೆ ನೆನಪಿಲ್ಲ. ಹಾಗಾಗಿ ನಿಜವಿರಬೇಕು.

ಗ್ರಂಥಾಲಯದ ಮುಖ್ಯಸ್ಥೆ ಸುಮಂಗಲಾ ಮೇಡಂ ಮುಂಡರಗಿಯವರು. ಗ್ರಂಥಾಲಯ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ಅದನ್ನು ಗಡುವಿನೊಳಗೆ ಮುಗಿಸಿದವರು. ‘ನಿಶ್ಶಬ್ದ’ ಎಂಬ ಫಲಕದ ಕೆಳಗೆ ನಿಂತು, ಹೊಲದ ಆಚೆ ಬದುವಿಗೆ ಕೇಳುವಂತೆ ಮಾತಾಡುತ್ತಾರೆ. ತರಬೇತಿ ಶುರುವಾದ ಕೂಡಲೇ ನಮ್ಮೆಲ್ಲರ ಹಿಂದೆ ಒಂದು ಸುತ್ತು ಹಾಕಿ, ನಾವು ಹೇಗೆ ಹುಡುಕುತ್ತೇವೆಂದು ನೋಡಿದರು. ನಾನು ‘ದಯವಿಟ್ಟು ಕಪ್ಪತಗುಡ್ಡದಲ್ಲಿ ಹಿಂದೆ ಇದ್ದ’ ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಟೈಪು ಮಾಡುತ್ತಿದ್ದೆ. “ಸರ್, ಅದು ಕಂಪ್ಯೂಟರ್ ಐತ್ರಿ, ನಿಮ್ಮ ಬೀಗರಲ್ಲ. ಕ್ಷೇಮ ಸಮಾಚಾರ ಬರೀಬ್ಯಾಡ್ರಿ. ಬೇಕಾದ ಶಬ್ದ ಅಷ್ಟ ಹಾಕ್ರಿ.” ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧದಷ್ಟು ಜನ ತಮ್ಮ ಪರದೆಯ ಮೇಲಿನ ‘ದಯವಿಟ್ಟು’ವನ್ನು ಮೆಲ್ಲಗೆ ಅಳಿಸುತ್ತಿದ್ದುದನ್ನು ನಾನು ನೋಡಿದೆ. ನೋಡಿದೆನೆಂದು ಅಂದುಕೊಂಡಿದ್ದೇನೆ.

ಆಮೇಲೆ ಅವರು ಹೇಳಿಕೊಟ್ಟದ್ದನ್ನು ನಾನು ಇಂದಿಗೂ ಉಪಕಾರವೆಂದೇ ನೆನೆಯುತ್ತೇನೆ. ಒಂದು ಶಬ್ದಕ್ಕೆ ಅಂಟಿಕೊಂಡು ಕೂರಬಾರದು, ಅದರ ಅಕ್ಕತಂಗಿಯರನ್ನೆಲ್ಲ ಕರೆಯಬೇಕು. ಬೇಡವಾದದ್ದನ್ನು ಬಾಗಿಲಲ್ಲೇ ತಡೆಯಬೇಕು. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದು ಯಾರನ್ನು ನಂಬಿದೆ, ಅದನ್ನು ಯಾರು ನಂಬಿದ್ದಾರೆ ಎಂದು ಎರಡೂ ದಿಕ್ಕಿಗೆ ನಡೆಯಬೇಕು. ಗಿಡಗಳ ಶಾಸ್ತ್ರೀಯ ಹೆಸರುಗಳು ಕಾಲಕಾಲಕ್ಕೆ ಬದಲಾಗುತ್ತವೆ ಎಂಬುದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅಂಕ ಕೊಡುವವನೇ ನಾನು. ಆದರೆ ಹುಡುಕಲು ಕುಳಿತಾಗ ಹಳೆಯ ಹೆಸರು ಹಾಕಬೇಕೆಂದು ಹೊಳೆದಿರಲಿಲ್ಲ. ಮೇಡಂ ಹೇಳಿದರು: “ನಮ್ಮ ಕಡೆ ಮದುವ್ಯಾಗ ಹುಡುಗಿ ಹೆಸರ ಬದಲಿ ಮಾಡ್ತಾರಲ್ರಿ, ಹಂಗ ಇದು. ಗಂಡನ ಮನಿ ಹೆಸರಷ್ಟ ಹಿಡಕೊಂಡ ಕುಂತ್ರ ಆಕಿ ಬಾಲ್ಯದ ಖಬರ ಹೆಂಗ ಸಿಗಬೇಕು? ತವರಮನಿ ಹೆಸರೂ ಹಾಕ್ರಿ.”

ನನ್ನ ಸರದಿ ಬಂದಾಗ ಅವರು ನನ್ನನ್ನು ಎದುರಿಗೆ ಕೂಡ್ರಿಸಿಕೊಂಡು, ಡಾಕ್ಟರು ನಾಡಿ ಹಿಡಿದಂತೆ ಕೇಳತೊಡಗಿದರು. ಏನು ನೆನಪಿದೆ? ಎಡಗಡೆಯ ಪುಟ ಎಂದೆ. ಮತ್ತೆ? ಚಹಾದ ಕಲೆ ಎಂದೆ. ಅವರು ಪೆನ್ನು ಕೆಳಗಿಟ್ಟರು. “ಚಹಾದ ಕಲಿ ಮ್ಯಾಲೆ ಹುಡುಕೂ ಸೌಲಭ್ಯ ನಮ್ಮಲ್ಲಿ ಇನ್ನೂ ಬಂದಿಲ್ರಿ ಸರ್. ಬಂದ್ರ ಮೊದಲ ನಿಮಗ ತಿಳಸ್ತೀನಿ.” ಆದರೂ ಬಿಡಲಿಲ್ಲ. ಗಿಡದ ಹಳೆಯ ಹೆಸರು ಹಾಕಿದರು, ಗುಡ್ಡದ ಹೆಸರನ್ನು ಬ್ರಿಟಿಷರ ಕಾಲದವರು ಹೇಗೆ ಬರೆಯುತ್ತಿದ್ದರೋ ಹಾಗೂ ಹಾಕಿದರು. ಪಕ್ಕದಲ್ಲಿ ಇಬ್ಬರೂ ಹೆಮ್ಮೆಯಿಂದ ಗದಗ ಎಂದು ಸೇರಿಸಿದೆವು. ಸಿಗಲಿಲ್ಲ. ಮುಂಡರಗಿ ಹಾಕಿದೆವು. ಸಿಗಲಿಲ್ಲ. ಶಿರಹಟ್ಟಿ ಹಾಕಿದೆವು. ಬೆಳ್ಳಟ್ಟಿಯ ಜೋಳದ ಮೇಲೆ ಒಂದು ಲೇಖನ ಸಿಕ್ಕಿತು, ಚೆನ್ನಾಗಿಯೇ ಇತ್ತು. ಊಟದ ಹೊತ್ತಾಯಿತು. ನನ್ನ ಮೂರನೆಯ ಅಧ್ಯಾಯ ಹೋದಂತೆಯೇ ಎಂದು ಎದ್ದೆ.

ಊಟಕ್ಕೆ ನಮ್ಮ ಎದುರು ಕುಳಿತವಳು ಧಾರವಾಡದಿಂದ ಬಂದಿದ್ದ ಸಂಶೋಧಕಿ ಕವಿತಾ. ಚುರುಕಿನ ಹುಡುಗಿ, ಬಾಯಿ ಅದಕ್ಕಿಂತ ಚುರುಕು. ನಾನು ಗದಗಿನ ಗಿರ್ಮಿಟ್ ಹೊಗಳಿದೆನೋ, ಮೇಡಂ ಮಿರ್ಚಿ ಹೊಗಳಿದರೋ ತಿಳಿಯದು. ಅವಳು ಅಂದಳು: “ಏನ ಗದಗ ಗದಗ ಅಂತೀರಿ ಸರ್. ನಿನ್ನೆ ಮೊನ್ನೆ ತನಕ ನೀವೆಲ್ಲಾ ನಮ್ಮ ಜಿಲ್ಲಾದಾಗ ಇದ್ರಿ. ಬ್ಯಾರೆ ಒಲಿ ಹೂಡಿದ ಕೂಡಲೇ ತವರಮನಿ ಮರತ್ರಿ.”

ಬೇರೆ ಏನನ್ನಾದರೂ ಸಹಿಸಬಹುದು. ಮೇಡಂ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ತವರಮನಿ ಅಂತ ತವರಮನಿ! ಏನ ಕೊಟ್ಟಿದ್ರಿ ನಮಗ? ಒಂದ ಸಹಿ ಬೇಕಂದ್ರ ನಮ್ಮಪ್ಪ ಬುತ್ತಿ ಕಟಗೊಂಡ ಧಾರವಾಡಕ್ಕ ಹೋಗತಿದ್ದ!” ನಾನೂ ದನಿಗೂಡಿಸಿದೆ. ನಮ್ಮ ಗುಡ್ಡಕ್ಕೂ ನಿಮಗೂ ಏನು ಸಂಬಂಧ, ಅದರ ಮೇಲೆ ಬರೆದವರೆಲ್ಲ ಅದನ್ನು ಧಾರವಾಡ ಜಿಲ್ಲೆಯ ಗುಡ್ಡವೆಂದೇ ಬರೆದು ನಮಗೆ ಅನ್ಯಾಯ ಮಾಡಿದರು, ಎಂದು ಹೇಳುತ್ತಾ ಹೇಳುತ್ತಾ ನಿಂತುಬಿಟ್ಟೆ. ಮೇಡಂ ಕೂಡ ನಿಂತರು. ಕೈಯಲ್ಲಿ ತುತ್ತು ಹಾಗೇ ಇತ್ತು. ಮೊದಲು ಹೊಳೆದದ್ದು ನನಗೆ ಎಂದು ನನ್ನ ನಂಬಿಕೆ. ತಮಗೆ ಎಂದು ಮೇಡಂ ಹೇಳುತ್ತಾರೆ. ಅಲ್ಲಿ ಇರದಿದ್ದ ವಿಜಯಾ ಕೂಡ ಮೇಡಂ ಪರ. ಕವಿತಾ ಮಾತ್ರ ಏನೂ ಅರಿಯದೆ ಇನ್ನೊಂದು ಸೌಟು ಪಲ್ಯ ಹಾಕಿಕೊಂಡು, “ಯಾಕ್ರಿ, ಸೋತ್ರೇನು?” ಎಂದಳು.

ನಾನು ಎಂ.ಎಸ್ಸಿ. ಓದುವಾಗ ಗದಗ ಜಿಲ್ಲೆ ಹುಟ್ಟಿರಲೇ ಇಲ್ಲ. ಆ ಕಾಲದ ಲೇಖಕ ಗದಗ ಜಿಲ್ಲೆ ಎಂದು ಬರೆಯುವುದಾದರೂ ಹೇಗೆ? ಕೈ ತೊಳೆದು ಬಂದು ‘ಧಾರವಾಡ’ ಎಂದು ಹಾಕಿದೆವು. ಇಬ್ಬರಿಗೂ ಬೆರಳು ಸ್ವಲ್ಪ ಭಾರವಾಯಿತು. ಲೇಖನದ ಶೀರ್ಷಿಕೆ ಪರದೆಯ ಮೇಲೆ ಬಂದು ನಿಂತಿತು. ಧಾರವಾಡ ಜಿಲ್ಲೆಯ ಗುಡ್ಡಗಳ ಸಸ್ಯಗಳು ಎಂಬರ್ಥದ ಶೀರ್ಷಿಕೆ. ಮೇಡಂ ಕುರ್ಚಿಗೆ ಒರಗಿ ಮೆಲ್ಲಗೆ ಅಂದರು: “ಆ ಹುಡುಗಿಗೆ ಹೇಳಬ್ಯಾಡ್ರಿ.” ಮೆಲ್ಲಗೆ ಅಂದದ್ದು ಹೊರಗಿನ ವರಾಂಡದಲ್ಲಿ ಎಲ್ಲರಿಗೂ ಕೇಳಿಸಿತು.

ಶೀರ್ಷಿಕೆ ಮಾತ್ರ ಇತ್ತು, ಲೇಖನ ಇರಲಿಲ್ಲ. ಬೇರೆ ಬೇರೆ ಗ್ರಂಥಾಲಯಗಳು ತಮ್ಮಲ್ಲಿಲ್ಲದ್ದನ್ನು ಪರಸ್ಪರ ತರಿಸಿಕೊಡುವ ಏರ್ಪಾಡು ಇದೆಯೆಂದು ನನಗೆ ಅವತ್ತೇ ತಿಳಿದದ್ದು. ಮೇಡಂ ಊರೂರಿಗೆ ಬರೆದರು. ಕೊನೆಗೆ ಯಾವುದೋ ದೂರದ ರಾಜ್ಯದ ಗ್ರಂಥಾಲಯದಲ್ಲಿ ಆ ಹಳೆಯ ಸಂಪುಟ ಇತ್ತು. ಅಲ್ಲಿ ಯಾರೋ ಏಣಿ ಹತ್ತಿ, ಧೂಳು ಕೊಡವಿ, ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದರು. ಪುಟ ಮಡಚದಂತೆ ಒತ್ತಿ ಹಿಡಿದ ಅವರ ಹೆಬ್ಬೆರಳು ಮೂಲೆಯಲ್ಲಿ ಬಂದಿದೆ. ಉಗುರಿನ ಮೇಲೆ ಮೆಹಂದಿಯ ಬಣ್ಣ ಅರ್ಧ ಮಾಸಿದೆ. ನನ್ನ ಗುಡ್ಡವನ್ನಾಗಲಿ ನನ್ನನ್ನಾಗಲಿ ಎಂದೂ ಕಾಣದ ಹೆಬ್ಬೆರಳು. ಮದುವೆಯೊಂದನ್ನು ಮುಗಿಸಿ ಕೆಲಸಕ್ಕೆ ಬಂದ ದಿನ ಮೊದಲು ಮಾಡಿದ್ದು ನನ್ನ ಕೆಲಸವೋ ಏನೋ. ಲೇಖನ ಓದುವ ಮೊದಲು ನಾನು ಆ ಬೆರಳನ್ನೇ ಬಹಳ ಹೊತ್ತು ನೋಡಿದೆ. ಪ್ರಬಂಧದ ಕೃತಜ್ಞತೆಯಲ್ಲಿ ಅದನ್ನು ಸೇರಿಸಬೇಕೆಂದಾಗ ಮಾರ್ಗದರ್ಶಕರು, “ಬೆರಳಿಗೆ ಹೆಸರಿಲ್ಲಲ್ರಿ ಸರ್,” ಎಂದರು. ಇಲ್ಲ. ಆದರೂ ಸೇರಿಸಿದ್ದೇನೆ.

ಲೇಖನ ಓದಿದೆ. ವಾಕ್ಯ ಇತ್ತು. ಎಡಗಡೆಯ ಪುಟದಲ್ಲಲ್ಲ, ಬಲಗಡೆ, ಕೆಳಗಲ್ಲ, ಮೇಲೆ. ಅದು ಹೇಳುತ್ತಿದ್ದುದು ಇಷ್ಟು: ಈ ಗಿಡ ಶಿರಹಟ್ಟಿ ಕಡೆಯ ಇಳಿಜಾರಿನಲ್ಲಿ ಹೇರಳವಾಗಿದೆ, ಡೋಣಿ ಕಡೆ ಎಷ್ಟು ಹುಡುಕಿದರೂ ಕಾಣಲಿಲ್ಲ.

‘ಹೇರಳ’ವನ್ನು ಒಂದು ಇಳಿಜಾರಿನಿಂದ ಎತ್ತಿ ಇನ್ನೊಂದಕ್ಕೆ ಸಾಗಿಸಿದ್ದು ನನ್ನ ತಲೆಯೇ. ಅಳುಕುತ್ತಾ ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಅಂದರು: “ಸರ್, ಅವರಿಗೆ ಅಲ್ಲಿ ಕಾಣಲಿಲ್ಲ. ನಿಮಗ ಕಂಡೈತಿ. ಅಂದ್ರ ಆ ಕಡೆ ಅದನ್ನ ಮೊದಲ ದಾಖಲ ಮಾಡಿದವರು ನೀವ. ಇಷ್ಟ ವರ್ಷ ಅದಕ್ಕ ತಿಥಿ ಮಾಡಾಕ ಕುಂತಿದ್ರಲ್ರಿ, ಅದು ತೊಟ್ಟಿಲ ಶಾಸ್ತ್ರ ಐತಿ!” ಕಾಣಲಿಲ್ಲ ಎಂದರೆ ಇರಲಿಲ್ಲ ಎಂದೇನೂ ಅಲ್ಲ, ಅದನ್ನೂ ಬರೆಯಬೇಕು ಎಂದು ಸೇರಿಸಿದರು. ಅಧ್ಯಾಯ ಉಳಿಯಿತು, ತಲೆಕೆಳಗಾಗಿ.

ಖುಷಿ ಬಸ್‌ಸ್ಟ್ಯಾಂಡ್ ತನಕ ಇತ್ತು. ಅಲ್ಲಿ ಸಂಶಯ ನನಗಾಗಿಯೇ ಕಾದು ಕುಳಿತಿತ್ತು. ಲೇಖನದಲ್ಲಿ ಇಳಿಜಾರು ಅದಲುಬದಲು ಮಾಡಿದ ತಲೆ, ಗುಡ್ಡದಲ್ಲಿ ಮಾಡಿರಲಿಕ್ಕಿಲ್ಲವೆಂದು ಹೇಗೆ ನಂಬುವುದು? ನಾನು ಗಿಡ ಕಂಡದ್ದು ಡೋಣಿ ಕಡೆಯೇ ಹೌದೇ? ಮಳೆ ಬಿದ್ದು ಗುಡ್ಡ ಹಸಿರಾಗುವವರೆಗೆ ತಡೆದು, ಒಂದು ರವಿವಾರ ವಿಜಯಾಳನ್ನೂ ಕರೆದುಕೊಂಡು ಡೋಣಿಗೆ ಹೋದೆ. ಸಾಕ್ಷಿಗೆ ಒಬ್ಬರು ಬೇಕಿತ್ತು. ಇಳಿಜಾರಿನಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದ ಹಿರಿಯನೊಬ್ಬ, ಬಗ್ಗಿ ನಡೆಯುತ್ತಿದ್ದ ನಮ್ಮನ್ನು ನೋಡಿ, “ಏನ ಕಳಕೊಂಡೀರಿ?” ಎಂದು ಕೇಳಿದ. ಗಿಡ ಎಂದೆ. “ಗಿಡಾ ಕಳೀತಾವೇನ್ರಿ?” ಎಂದು ವಿಜಯಾಳ ಮುಖ ನೋಡಿದ. ಅವಳು, “ಇವರ ಕೈಯಾಗ ಸಿಕ್ರ ಗುಡ್ಡನೂ ಕಳೀತೈತಿ ಬಿಡ್ರಿ ಯಜ್ಜಾ,” ಎಂದಳು. ಹೂವಿನ ಬಣ್ಣ ಹೇಳಿ, ಅದಕ್ಕೆ ಈ ಕಡೆ ಏನನ್ನುತ್ತೀರಿ ಎಂದು ಕೇಳಿದೆ. “ಕುರಿ ತಿನ್ನಲಾರದ್ದಕ್ಕ ಹೆಸರ ಯಾಕ್ರಿ,” ಎಂದ.

ಕೊನೆಗೆ ಸಿಕ್ಕ ಗಿಡದ ಫೋಟೋ ತೆಗೆದೆ. ಅದರಲ್ಲಿ ನನ್ನ ಚಪ್ಪಲಿಯ ತುದಿ, ವಿಜಯಾಳ ನೆರಳು, ಹಿಂದೆ ಡೋಣಿಯ ಮನೆಗಳು ಎಲ್ಲವೂ ಬರುವಂತೆ ನೋಡಿಕೊಂಡೆ. ಪರೀಕ್ಷಕರಿಗಾಗಿ ಅಲ್ಲ, ನಾಳೆ ನನ್ನನ್ನು ನಾನೇ ನಂಬದಿದ್ದರೆ ಇರಲಿ ಎಂದು. ಮೇಲೆ ಬರೆದದ್ದರಲ್ಲಿ ಪಲ್ಯ, ಜಗಳ, ಯಾರು ಏನೆಂದರು ಎಂಬುದನ್ನೆಲ್ಲ ನೀವು ಅರ್ಧ ನಂಬಿದರೂ ನನ್ನ ತಕರಾರಿಲ್ಲ. ಹೋಗಿ, ಬಗ್ಗಿ, ಮುಟ್ಟಿ ನೋಡಿ ಬಂದದ್ದು ಒಂದೇ: ಡೋಣಿ ಕಡೆಯ ಇಳಿಜಾರಿನಲ್ಲಿ ಆ ಗಿಡ ಇದೆ.