ನಡುಮನೆಯಲ್ಲಿ ಕಣಗಳ ಡಿಕ್ಕಿ

ಸತ್ತ ಗೆಳೆಯನ ಮೇಲೆ ದೂರು ಹೇಳಬಾರದು. ಆದರೂ ಹೇಳುತ್ತೇನೆ. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಅವನು ತನ್ನ ಕಲಾಕೃತಿಯನ್ನು ನನ್ನ ನಡುಮನೆಯಲ್ಲಿ ನಿಲ್ಲಿಸಿ, “ನೀನಿಲ್ದೆ ಇದು ಉರಿಯಲ್ಲ ಕಣೋ, ನಾಳೆ ಬಂದು ತೋರಿಸ್ತೀನಿ,” ಎಂದು ಹೋದ. ಹೋದವನು ಹೋಗಿಯೇಬಿಟ್ಟ.

ಗೋಡೆಯಗಲದ ಕಪ್ಪು ಹಲಗೆ, ಅದರ ತುಂಬ ಪುಟ್ಟ ದೀಪಗಳು. ಕಣಕ್ಕೆ ಕಣ ಡಿಕ್ಕಿ ಹೊಡೆದರೆ ಏನಾಗುತ್ತದೆಂದು ಜನಸಾಮಾನ್ಯರು ತಮ್ಮ ಮೈಯಿಂದಲೇ ಅರಿಯಬೇಕೆಂಬುದು ಅವನ ಘನ ಸಂಕಲ್ಪ. ಪ್ರದರ್ಶನಾಲಯದ ಅಧಿಕಾರಿ ಅದನ್ನು ನೋಡಲು ಒಂದು ಸಂಜೆ ಬರುವವರಿದ್ದರು. ಉರಿದರೆ ಒಯ್ಯುತ್ತಾರೆ, ಇಲ್ಲವಾದರೆ ಗುಜರಿಗೆ.

ನಾನು ಅದರ ಮುಂದೆ ಕೈ ಬೀಸಿದೆ, ಕುಣಿದೆ, ಕುಪ್ಪಳಿಸಿದೆ. (ವಯಸ್ಸು ಕೇಳಬೇಡಿ.) ಬೇರೆ ಯಾರೂ ಸುಳಿಯದಂತೆ ಕುರ್ಚಿಗಳನ್ನು ಅಡ್ಡ ಇಟ್ಟಿದ್ದೆ. ದೀಪ ಕಣ್ಣು ಬಿಡಲಿಲ್ಲ.

“ರೀ, ಆ ಕುರ್ಚಿ ಬೇಕು,” ಎಂದಳು ಹೆಂಡತಿ.

“ಮುಟ್ಟಬೇಡ! ಕೆಟ್ಟುಹೋಗುತ್ತೆ!”

“ಈಗೇನು ಜಗಜಗ ಅಂತಿದೆಯಾ?” ಎಂದವಳೇ ನುಗ್ಗಿದಳು. ತಡೆಯಲು ನಾನೂ ನುಗ್ಗಿದೆ. ಹಣೆಗೆ ಹಣೆ ಬಡಿಯಿತು. ಹಲಗೆಯ ತುಂಬ ಬೆಳಕಿನ ಗೆರೆಗಳು ಸಿಡಿದು, ಸುರುಳಿ ಸುತ್ತಿ, ಮೆಲ್ಲಗೆ ಆರಿದವು.

“ಇಬ್ಬರು ಬೇಕಿತ್ತು ಕಣ್ರೀ,” ಎಂದಳು ಹಣೆ ಉಜ್ಜಿಕೊಳ್ಳುತ್ತ. “ನಿಮ್ಮ ಗೆಳೆಯರು ಒಂದು ಕಡೆಯಿಂದ, ನೀವು ಇನ್ನೊಂದು ಕಡೆಯಿಂದ. ನೀವೊಬ್ರೇ ಕುಣಿದ್ರೆ ಅದು ಏನು ಮಾಡುತ್ತೆ ಪಾಪ?”

ಕುರ್ಚಿಗಳನ್ನು ಎತ್ತಿ ಒಳಗಿಟ್ಟೆ.

ಅಧಿಕಾರಿ ಬಂದರು. ಪರರೆದುರು ನನ್ನ ಹೆಂಡತಿ ಸೌಜನ್ಯದ ಸಾಕಾರಮೂರ್ತಿ. “ನುಗ್ಗೇ!” ಎಂದು ಹಲ್ಲು ಕಡಿದೆ. “ನೀವೇ ಮೊದಲು ಬನ್ನಿ,” ಎಂದು ನಗುತ್ತ ಪಕ್ಕಕ್ಕೆ ಸರಿದಳು. “ನಿನ್ನ ತಮ್ಮ ಶುದ್ಧ ಸೋಮಾರಿ,” ಎಂದು ಕೆಣಕಿದೆ. “ಹೌದು ರೀ,” ಎಂದಳು. ಮದುವೆಯಾದಂದಿನಿಂದ ಆ ಮಾತನ್ನು ಅವಳು ಒಪ್ಪಿದ್ದು ಅದೇ ಮೊದಲು!

ಹಲಗೆ ಕಪ್ಪಗೇ ಇತ್ತು. ಅಧಿಕಾರಿ ತಮ್ಮ ಚೀಲ ಎತ್ತಿಕೊಂಡರು.

ಬೇರೆ ದಾರಿ ಕಾಣದೆ ಅವರ ಮೇಲೆಯೇ ನುಗ್ಗಿದೆ. ಅವರು ಗಾಬರಿಯಿಂದ ಬಾಗಿಲಿಗೆ ಓಡಿದರು. ಬಾಗಿಲಿದ್ದದ್ದು ನನ್ನ ಬೆನ್ನ ಹಿಂದೆ.

ನೆಲದ ಮೇಲೆ ಕುಳಿತೇ ಅವರು ಬೆಳಕನ್ನು ಕೊನೆಯವರೆಗೂ ನೋಡಿದರು. “ಅದ್ಭುತ! ಆದರೆ ನಮ್ಮಲ್ಲಿಗೆ ಬರೋರೆಲ್ಲ ಸಭ್ಯರು. ಯಾರು ಡಿಕ್ಕಿ ಹೊಡೀತಾರೆ?”

“ಇವರನ್ನೂ ಜೊತೆಗೇ ತಗೊಂಡು ಹೋಗಿ,” ಎಂದಳು ಹೆಂಡತಿ.

ಈಗ ದಿನವೂ ಪ್ರದರ್ಶನಾಲಯದಲ್ಲಿ ಹಲಗೆಯ ಎಡತುದಿಯಲ್ಲಿ ನಿಲ್ಲುತ್ತೇನೆ. ಬಲತುದಿಯಿಂದ ಯಾರ್ಯಾರೋ ಓಡಿಬರುತ್ತಾರೆ. ಅಲ್ಲಿಂದ ಬರಬೇಕಾದವನು ಬೇರೆ. ಆದರೂ ನಾನು ಓಡುತ್ತೇನೆ, ಬೆಳಕು ಬರುತ್ತದೆ. ಪಕ್ಕದ ಫಲಕದಲ್ಲಿ ಅವನ ಹೆಸರನ್ನು ದೊಡ್ಡದಾಗಿ ಬರೆಸಿದ್ದಾರೆ. ಅದರ ಕೆಳಗೆ: “ಸಾಮಗ್ರಿ: ಮರ, ತಂತಿ, ದೀಪಗಳು, ಮುದುಕ.”