ಅಕಾರ್ಡಿಯನ್ ಎಂಬ ಆಟಿಕೆ

ನಂಜನಗೂಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ತಿಂಗಳು ತಿಂಗಳು ತಪ್ಪದೆ ಜಿಎಸ್‌ಟಿ ತುಂಬುವ ನನ್ನಂಥವನಿಗೆ ತೆರಿಗೆ ವಿಷಯದಲ್ಲಿ ಬುದ್ಧಿ ಹೇಳುವವರು ಯಾರಿದ್ದಾರೆ? ಯಾರೂ ಇಲ್ಲ ಎಂದೇ ತಿಳಿದಿದ್ದೆ. (ನನ್ನ ಹೆಂಡತಿ ಶ್ವೇತ ಹಾಗೆ ತಿಳಿದಿರಲಿಲ್ಲ. ಅದು ಬೇರೆ ಮಾತು.)

ಎಲ್ಲಕ್ಕೂ ಮೂಲ ಅವಳ ಮಂಡಿನೋವು. ಊರಿನ ಹೆಂಗಸರ ಅಕ್ಕನ ಬಳಗದಲ್ಲಿ ಹಾರ್ಮೋನಿಯಂ ನುಡಿಸುತ್ತಾ ವಚನ ಹಾಡುವವಳು ಅವಳೇ. ಹೋದ ವರ್ಷ ಟಿ. ನರಸೀಪುರದ ವಚನ ಗಾಯನ ಸ್ಪರ್ಧೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವಳಿಗೆ ಹಾಡು ಮುಗಿದ ಮೇಲೆ ಏಳಲಾಗಲಿಲ್ಲ. ಇಬ್ಬರು ರಟ್ಟೆ ಹಿಡಿದು ಎತ್ತಿದರು. ಸಭೆ ಗೊಳ್ಳೆಂದು ನಕ್ಕಿತು. ಮನೆಗೆ ಬಂದು ಅತ್ತಳು, ಇನ್ನು ಹಾಡುವುದೇ ಇಲ್ಲ ಎಂದಳು. ನನಗೂ ಸಂಕಟವಾಯಿತು. (ಕುರ್ಚಿ, ಟೇಬಲ್ಲು ಹಾಕಿಕೊಳ್ಳೇ ಎಂದೆ. "ನಾನು ವಚನ ಹಾಡಕ್ಕೆ ಹೋಗ್ತಿರೋದೋ, ಪರೀಕ್ಷೆ ಬರಿಯಕ್ಕೋ?" ಎಂದಳು.)

ಆಗ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದದ್ದು ಅಕಾರ್ಡಿಯನ್. ಹಾರ್ಮೋನಿಯಂ ಥರದ್ದೇ ವಾದ್ಯ, ಕೊರಳಿಗೆ ನೇತುಹಾಕಿಕೊಂಡು ನಿಂತೇ ನುಡಿಸಬಹುದು. ಇಟಲಿಯ ಅಂಗಡಿಯೊಂದರಲ್ಲಿ ಹಗುರವಾದದ್ದು ಸಿಕ್ಕಿತು. ಆದರೆ ಬೆಲೆಯ ಕೆಳಗೆ, ಸುಂಕ ಮತ್ತು ತೆರಿಗೆ ಕೊಳ್ಳುವವರದ್ದು ಎಂದಿತ್ತು. ಲೆಕ್ಕಕ್ಕೆ ಕೂತೆ. ವಸ್ತುವಿನ ಬೆಲೆಗೆ ಸಾಗಣೆ ಸೇರಿಸಿ ಅದರ ಮೇಲೆ ಆಮದು ಸುಂಕ. ಆ ಸುಂಕದ ಮೇಲೆ ಸರ್‌ಚಾರ್ಜು. ಇವೆಲ್ಲ ಸೇರಿದ್ದರ ಮೇಲೆ ಜಿಎಸ್‌ಟಿ. ಹೋಳಿಗೆಗೆ ತುಪ್ಪ, ತುಪ್ಪದ ಮೇಲೆ ಹಾಲು ಸುರಿದ ಹಾಗೆ. ತಲೆ ಗಿರ್ರೆಂದಿತು.

"ಅಲ್ಲ ಕಣೇ, ಮಾರೋನು ಇಟಲಿಯೋನು. ಮಾರಾಟದ ತೆರಿಗೆ ನಾನ್ಯಾಕೆ ಕಟ್ಟಲಿ?"

"ನಿಮ್ಮಂಗಡೀಲಿ ಮೊಳೆ ತಗೊಂಡೋರ ಹತ್ರ ನೀವು ಜಿಎಸ್‌ಟಿ ಈಸ್ಕೊಳಲ್ವಾ?"

"ಅದು ಬೇರೆ."

"ಹೆಂಗ್ರೀ ಬೇರೆ?"

ಹೇಗೆ ಬೇರೆ ಎಂದು ನನಗೂ ಗೊತ್ತಿರಲಿಲ್ಲ. "ನಮ್ಮ ಅಮೃತನ್ನ ಕೇಳ್ರೀ" ಎಂದಳು. ಅಮೃತೇಶ್ ಅವಳ ತಮ್ಮ, ಟಿ. ನರಸೀಪುರದಲ್ಲಿ ತೆರಿಗೆ ಸಲಹೆಗಾರ. ಬಾಮೈದನ ಮುಂದೆ ನಾನು ಬಾಯಿ ಬಿಡುವುದೇ? ಪ್ರಾಣ ಹೋದರೂ ಇಲ್ಲ.

ಅಷ್ಟರಲ್ಲಿ ಒಂದು ಮಹಾಜ್ಞಾನ ಉದಯವಾಯಿತು. ಫೋಟೋದಲ್ಲಿ ಅದು ಕೆಂಪು ಮೈ, ಬಿಳಿ ಗುಂಡಿಗಳೊಂದಿಗೆ ಥೇಟ್ ಆಟದ ಸಾಮಾನಿನಂತಿತ್ತು. ಮಕ್ಕಳ ಆಟಿಕೆಗೆ ಯಾವ ಸರ್ಕಾರ ತಾನೇ ಸುಂಕ ಹಾಕೀತು? ಡಬ್ಬದ ಮೇಲೆ ಮಕ್ಕಳ ಆಟಿಕೆ ಎಂದು ಬರೆಯಬೇಕಾಗಿ ವಿನಂತಿ, ಎಂದು ಆರ್ಡರಿನ ಜೊತೆಗೇ ಇಟಲಿಯ ಅಂಗಡಿಯವನಿಗೆ ಬರೆದು ಕಳಿಸಿದೆ. ಪಾಪ, ಒಳ್ಳೆಯ ಮನುಷ್ಯ, ದೊಡ್ಡ ಅಕ್ಷರದಲ್ಲೇ ಬರೆದ.

ಈ ವರ್ಷದ ಸ್ಪರ್ಧೆಗೆ ಒಂದು ವಾರವಿರುವಾಗ ಸುಂಕದ ಇಲಾಖೆಯಿಂದ ಮೆಸೇಜು ಬಂತು. ಆಟಿಕೆಯ ಸುಂಕ ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಾನು ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜೊತೆಗೆ, ಮಕ್ಕಳಿಗೆ ಇದರಿಂದ ಅಪಾಯವಿಲ್ಲ ಎಂಬ ಪ್ರಮಾಣಪತ್ರ ಬೇಕಂತೆ. ಇಲ್ಲದಿದ್ದರೆ ಡಬ್ಬ ಇಟಲಿಗೆ ವಾಪಸ್.

ಪ್ರಾಣ ಹೋಗಲಿಲ್ಲ, ಆದರೂ ಬಾಮೈದನಿಗೆ ಫೋನ್ ಮಾಡಿದೆ.

"ಅಯ್ಯಯ್ಯೋ ಭಾವ! ಹೊರದೇಸದ ಆಟಿಕೆ ಬರಲೇಬಾರ್ದು ಅಂತ ಸುಂಕ ಬಿಗಿ ಮಾಡವ್ರೆ. ವಾದ್ಯ ಅಂತ್ಲೇ ತರ್ಸಿದ್ರೆ ಕಮ್ಮೀಲಿ ಮುಗ್ದೋಗೋದು. ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದವನು ನಗು ತಡೆಯಲಾರದೆ ಫೋನಿಟ್ಟ.

ಶ್ವೇತ ನಗಲಿಲ್ಲ. "ಈ ಸಲ ನಾನು ಹಾಡ್ದಂಗೇ ಆಯ್ತು ಬಿಡಿ" ಎಂದಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ಇಬ್ಬರೂ ಬೆಂಗಳೂರಿನ ಸುಂಕದ ಕಚೇರಿಗೆ ಹೋದೆವು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಇದು ತೆರಿಗೆ ವ್ಯವಹಾರ, ನಿನಗೆ ಅರ್ಥವಾಗಲ್ಲ ಎಂದು ಹೇಳಿ ಒಳಗೆ ಅಧಿಕಾರಿಣಿಯ ಮುಂದೆ ಹೋಗಿ ನಿಂತೆ. ಡಬ್ಬ ಅವರ ಮೇಜಿನ ಮೇಲೇ ಇತ್ತು.

"ಇದು ಆಟಿಕೆ ಅಲ್ಲ ಮೇಡಂ, ವಾದ್ಯ."

"ಆಟಿಕೆ ಅಂತ ಬರ್ದಿದೆಯಲ್ಲ?"

"ತಪ್ಪಾಗಿ ಬರ್ದುಬಿಟ್ಟವ್ರೆ ಮೇಡಂ."

"ಹೌದಾ? ಹಾಗಾದ್ರೆ ನುಡಿಸಿ ತೋರಿಸಿ, ನೋಡೋಣ."

ಪಟ್ಟಿಯೊಳಗೆ ತಲೆ ತೂರಿಸಿದೆ. ಶಿವಾ ಎಂದು ಎಳೆದೆ. ಎಮ್ಮೆ ಕರುವನ್ನು ಕರೆದಂಥ ಸದ್ದು ಬಂತು. ಪಕ್ಕದ ಕೋಣೆಯಿಂದ ಇಬ್ಬರು ಓಡಿಬಂದರು. ಮೇಡಂ ಪೆನ್ನು ಕೈಗೆತ್ತಿಕೊಂಡು, "ನನಗ್ಯಾಕೋ ಇದು ಆಟಿಕೆ ಅಂತಾನೇ ಅನ್ಸುತ್ತೆ" ಎಂದರು.

ಅಷ್ಟರಲ್ಲಿ ಶ್ವೇತ ಕುಂಟುತ್ತಾ ಒಳಗೆ ಬಂದಳು. ನನ್ನ ಕೊರಳಿನಿಂದ ಅದನ್ನು ಬಿಡಿಸಿ (ತಲೆಕೆಳಗಾಗಿ ಹಾಕಿಕೊಂಡಿದ್ದೆನಂತೆ) ತಾನು ಹಾಕಿಕೊಂಡಳು. ಬಲಗೈಗೆ ಹಾರ್ಮೋನಿಯಂ ಥರದ್ದೇ ಕೀಗಳು, ಎಡಗೈಗೆ ತಿದಿ. ಮೊದಲು ಸ್ವಲ್ಪ ತಡವರಿಸಿದಳು. ಆಮೇಲೆ ಕಣ್ಣು ಮುಚ್ಚಿ ಒಂದು ವಚನ ಹಾಡಿದಳು, ನಿಂತುಕೊಂಡು, ಮಂಡಿಯ ನೆನಪೇ ಇಲ್ಲದೆ. ವರ್ಷವಾಗಿತ್ತು ಆ ದನಿ ಕೇಳಿ.

"ಇದು ವಾದ್ಯಾನೇ" ಎಂದರು ಮೇಡಂ. ನಾನು ಎದೆಯುಬ್ಬಿಸಿದೆ. "ಅಂದ್ಮೇಲೆ ಆಟಿಕೆ ಅಂತ ಬರ್ಸಿದ್ದು ಸುಳ್ಳು. ಯಾರು ಬರ್ಸಿದ್ದು?"

ಶ್ವೇತ ನನ್ನತ್ತ ಬೆರಳು ತೋರಿಸಿದಳು, ಅಷ್ಟೇ.

ವಾದ್ಯದ ಸುಂಕ ಕಟ್ಟಿದೆ. ಸುಳ್ಳಿಗೆ ದಂಡ ಕಟ್ಟಿದೆ. ದಂಡವೇ ದಪ್ಪಗಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ, "ಈ ದಂಡದ ಮೇಲೂ ಜಿಎಸ್‌ಟಿ ಹಾಕವ್ರಾ ಅಂತ?" ಎಂದು ಮೆಲ್ಲಗೆ ಕೇಳಿದೆ. "ಸುಮ್ನೆ ಕೂತ್ಕೋತೀರಾ?" ಎಂದಳು. ಕೂತೆ.

ಸ್ಪರ್ಧೆಯ ದಿನ ಇನ್ನೊಂದು ತೊಡಕು. ಹಾರ್ಮೋನಿಯಂ ಆಗಿದ್ದರೆ ಪುಸ್ತಕ ಅದರ ಮೇಲೇ ಇಡಬಹುದಿತ್ತು. ಇಲ್ಲಿ ಎರಡೂ ಕೈ ಅಕಾರ್ಡಿಯನ್ನಿಗೇ ಬೇಕು, ವಚನದ ಪುಸ್ತಕ ಹಿಡಿಯುವವರು ಯಾರು? ಇನ್ಯಾರು! ಇಸ್ತ್ರಿ ಮಾಡಿದ ಪಂಚೆ ಉಟ್ಟು, ಪುಸ್ತಕ ಹಿಡಿದು ವೇದಿಕೆಯ ಮೇಲೆ ಅವಳ ಪಕ್ಕದಲ್ಲಿ ನಿಂತೆ. ಕಾರ್ಯಕ್ರಮ ನಿರೂಪಣೆ ನಮ್ಮ ಬಾಮೈದನದೇ. ಮೈಕು ಹಿಡಿದು ಗಂಭೀರವಾಗಿ ಶುರುಮಾಡಿದ:

"ಈಗ ನಂಜನಗೂಡಿನ ತಂಡ. ಗಾಯನ, ಶ್ರೀಮತಿ ಶ್ವೇತ. ಅಕಾರ್ಡಿಯನ್, ಶ್ರೀಮತಿ ಶ್ವೇತ." ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಆಟಿಕೆ, ಶ್ರೀ ನಂಜುಂಡೇಶ್."

ಹೋದ ವರ್ಷ ಅವಳನ್ನು ನೋಡಿ ನಕ್ಕಿದ್ದ ಸಭೆ ಈ ಸಲ ನನ್ನನ್ನು ನೋಡಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶ್ವೇತ, ನಿಂತುಕೊಂಡೇ.